ಬಾಯಿ ಮುಚ್ಚುವ ತರಬೇತಿ

ನಮ್ಮ ಮನೆಯಲ್ಲಿ ಮಾತಿಗೆ ಬರವಿಲ್ಲ. ‘ಇಷ್ಟು ಮಾತಾಡ್ತೀಯಲ್ಲ, ಮೇಷ್ಟ್ರಾದ್ರೆ ಸಂಬಳನಾದ್ರೂ ಬರ್ತದೆ’ ಎಂದು ಅಮ್ಮ ಬೈದದ್ದನ್ನೇ ವೃತ್ತಿ ಮಾರ್ಗದರ್ಶನವೆಂದು ತಿಳಿದು ಬಿ.ಎಡ್. ಸೇರಿದೆ. ಹಿಂದೆ ಒಂದೇ ವರ್ಷವಿದ್ದ ಈ ಕೋರ್ಸು 2015ರಿಂದ ಎರಡು ವರ್ಷವಾಗಿದೆ. ಮಾತಾಡಲು ಕಲಿಯುವುದಕ್ಕೆ ಎರಡು ವರ್ಷ ಯಾಕೆ ಎಂದುಕೊಂಡಿದ್ದೆ. ಸುಮ್ಮನಿರಲು ಕಲಿಯುವುದಕ್ಕೆ ಅದೂ ಸಾಲದು.

ಮೊದಲು ಸೂಕ್ಷ್ಮ ಬೋಧನೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಪದ್ಧತಿ. ಒಂದೇ ಕೌಶಲ, ಕೆಲವೇ ನಿಮಿಷ; ನಮ್ಮಲ್ಲಿ ಸಹಪಾಠಿಗಳೇ ಮಕ್ಕಳು. ಎರಡು ಮಕ್ಕಳ ತಾಯಿಯೊಬ್ಬರು ಎದ್ದು ನಿಂತು ‘ಸಾರ್, ಎಲೆ ಹಸಿರು ಎಂತಕ್ಕೆ?’ ಎಂದು ಮುದ್ದಾಗಿ ಕೇಳುವುದು, ನಾನು ‘ಶಹಭಾಷ್, ಜಾಣೆ!’ ಎನ್ನುವುದು. ಇಬ್ಬರಿಗೂ ನಗು ತಡೆಯುವ ಕೌಶಲ ಬಂತು. ಅದಕ್ಕೆ ಅಂಕವಿಲ್ಲ.

ಆಮೇಲೆ ಬೋಧನಾ ಅಭ್ಯಾಸಕ್ಕೆ ಕುವೆಂಪು ಅವರ ಊರಾದ ಕುಪ್ಪಳ್ಳಿ ಕಡೆಯ ಶಾಲೆ. ಇಲ್ಲಿ ಮೇಷ್ಟ್ರಾಗುವುದು ಧೈರ್ಯದ ಕೆಲಸ. ಕಿಟಕಿಯಾಚೆ ನೋಡುತ್ತ ಕೂತ ಹುಡುಗನನ್ನು ಬೇರೆ ಊರಲ್ಲಾದರೆ ಗದರಬಹುದು. ಕವಿಶೈಲದ ನೆರಳಲ್ಲಿ? ನಾಳೆ ಅವನು ಮಹಾಕಾವ್ಯ ಬರೆದು, ಜೊತೆಗೊಂದು ಆತ್ಮಕಥೆಯನ್ನೂ ಬರೆದು, ಅದರಲ್ಲಿ ನನ್ನ ಹೆಸರು ಹಾಕಿಬಿಟ್ಟರೆ? ಸುಮ್ಮನೆ ಬಿಟ್ಟೆ.

ಮುಂದೆ ಕುವೆಂಪು ಆಗಲಿದ್ದ ಪುಟ್ಟಪ್ಪನವರಿಗೆ ಮನೆಯಲ್ಲೇ ಅಕ್ಷರ ಕಲಿಸಿದ್ದು ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದ ಐಗಳು. ಪಾಠ ಟಿಪ್ಪಣಿ ಇಲ್ಲ, ಚಾರ್ಟಿಲ್ಲ, ವೀಕ್ಷಕರ ಸಹಿಯಿಲ್ಲ. ಆ ಶಿಷ್ಯ 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತಾವೇ ಮೇಷ್ಟ್ರಾದರು, 1956ರಲ್ಲಿ ವಿಶ್ವವಿದ್ಯಾನಿಲಯದ ಕುಲಪತಿಯೂ ಆದರು. ಇನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್. 1924ರಲ್ಲಿ ಇಂಗ್ಲಿಷ್ ಕವಿತೆ ಹಿಡಿದು ಬಂದ ಹುಡುಗ ಪುಟ್ಟಪ್ಪನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದರು, ಪಾಠ ಮುಗಿಯಿತು. ಅಷ್ಟು ಹೇಳಲು ನನಗಾದರೆ ಪೀಠಿಕೆಗೇ ಹತ್ತು ನಿಮಿಷ ಬೇಕು.

ಸುಮ್ಮನಿರಲಾಗದ ಮೇಷ್ಟ್ರು ನಾನೊಬ್ಬನೇ ಅಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತೋರಿಸಿಕೊಟ್ಟಿದ್ದರು: ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಸುಮಾರು ಒಂದು ಸೆಕೆಂಡು ಕಾಯುತ್ತಾರೆ, ಅಷ್ಟೇ. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಬಾಯಿಬಿಡದ ಮಕ್ಕಳೂ ಬಾಯಿಬಿಡುತ್ತಾರೆ. ಮೂರು ಸೆಕೆಂಡು ಕೇಳಲು ಚಿಕ್ಕದು. ಮದುವೆ ಪಂಕ್ತಿಯಲ್ಲಿ ಪಾಯಸದ ಬಕೆಟ್ಟು ಪಕ್ಕದೆಲೆಯ ಮುಂದೆ ನಿಂತಾಗ ಮಾತ್ರ ಅದರ ನಿಜವಾದ ಉದ್ದ ತಿಳಿಯುತ್ತದೆ.

ಜುಲೈ ತಿಂಗಳು, ಏಳನೇ ಕ್ಲಾಸು, ಜಲಚಕ್ರದ ಪಾಠ. ‘ಮಳೆ ಎಲ್ಲಿಂದ ಬರುತ್ತದೆ?’ ಎಂದೆ. ‘ಮೋಡದಿಂದ’ ಎಂಬ ಉತ್ತರವನ್ನು ಹಿಂದಿನ ರಾತ್ರಿಯೇ ಟಿಪ್ಪಣಿಯಲ್ಲಿ ಮಕ್ಕಳ ಪರವಾಗಿ ನಾನೇ ಬರೆದಿದ್ದೆ. ಯಾರೂ ಏಳಲಿಲ್ಲ. ಇನ್ನೇನು ನಾನೇ ಹೇಳಬೇಕು, ಅಷ್ಟರಲ್ಲಿ ಹಂಚಿನ ಮೇಲೆ ಧೋ ಎಂದು ಸುರಿಯಿತು. ನನ್ನ ಧ್ವನಿ ನನಗೇ ಕೇಳಿಸದು. ಹಲ್ಲು ಕಚ್ಚಿ ನಿಂತೆ. ಮಳೆ ಸ್ವಲ್ಪ ಹೊಳವಾದಾಗ ಕಿಟಕಿಯ ಹುಡುಗ ಎದ್ದ.

‘ಆಗುಂಬೆ ಕಡೆಯಿಂದ ಸಾರ್. ಆಚೆ ಕಪ್ಪಾದ್ರೆ ನಮ್ಮಜ್ಜಿ ಕಂಬಳಿ ಒಳಗೆ ತರ್ತದೆ.’

ಕ್ಲಾಸು ನಕ್ಕಿತು. ನಾನು ಹಲಗೆಯತ್ತ ತಿರುಗಿದೆ. ಪಶ್ಚಿಮಕ್ಕೆ ಸಮುದ್ರ, ನಡುವೆ ಘಟ್ಟ, ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗುವ ಗಾಳಿ, ಈಚೆಗೆ ಅಜ್ಜಿ, ಕಂಬಳಿ. ಇಡೀ ಪಾಠ ಅವನ ಒಂದು ಸಾಲಿನಲ್ಲೇ ಇತ್ತು; ನಾನು ಬಾಣದ ಗುರುತು ಹಾಕಿದ್ದಷ್ಟೇ. ಫೀಸು ಕಟ್ಟಿ ಕಲಿಸುವವನಿಗೆ ಸಂಬಳವಿಲ್ಲ. ಆದರೆ ಟಿಪ್ಪಣಿಯಲ್ಲಿಲ್ಲದ ಉತ್ತರ ಕಿವಿಗೆ ಬಿದ್ದಾಗ ಆಗುವ ಖುಷಿಗೆ ಇನ್ನೊಂದು ವರ್ಷದ ಫೀಸನ್ನೂ ಕಟ್ಟಬಹುದು (ಅಪ್ಪನಿಗೆ ಇದು ತಿಳಿಯಬಾರದು).

ಹಿಂದಿನ ಬೆಂಚಿನಲ್ಲಿ ಕೂತಿದ್ದ ವೀಕ್ಷಕರು ನನ್ನ ಪುಸ್ತಕದಲ್ಲಿ ‘ಪ್ರಶ್ನೆಯ ನಂತರ ಕಾಯುವ ತಾಳ್ಮೆ ಬಹಳ ಉತ್ತಮ’ ಎಂದು ಬರೆದು ಸಹಿ ಹಾಕಿದರು. ಅದರಲ್ಲಿ ಮಳೆಯ ಪಾಲೆಷ್ಟು ಎಂದು ಅವರು ಕೇಳಲಿಲ್ಲ. ನಾನೂ ಬಾಯಿಬಿಡಲಿಲ್ಲ.