ಶಾಶ್ವತ ಶಾಂತಿಯವರ ಸನ್ನಿಧಾನಕ್ಕೆ, ಸುಂಟಿಕೊಪ್ಪದಿಂದ

ಮಹಾಮಾತೆ ಶಾಶ್ವತ ವಿಶ್ವಶಾಂತಿಯವರಿಗೆ ಸಾಷ್ಟಾಂಗ ನಮಸ್ಕಾರಗಳು.

ತಾವು ಎಲ್ಲಿದ್ದರೂ ಕ್ಷೇಮವಾಗಿರಬೇಕೆಂದು ದಿನವೂ ದೀಪ ಹಚ್ಚುವ ಮನೆಯವಳು ನಾನು. ಕುಶಾಲನಗರ ದಾಟಿ ಮಡಿಕೇರಿಗೆ ಹತ್ತುವ ಹೆದ್ದಾರಿಯಲ್ಲೇ ನಮ್ಮೂರು. ತಮಗೆ ದಾರಿ ತಪ್ಪುವ ಮಾತೇ ಇಲ್ಲ. ಇವತ್ತು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಒರೆಸಿಟ್ಟ ಕೋವಿಯ ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿ, ತೂಗುದೀಪದ ಕೆಳಗಿಟ್ಟು ಕೈಮುಗಿದು ಈ ಪತ್ರಕ್ಕೆ ಕುಳಿತಿದ್ದೇನೆ. ಕೋವಿ ಪೂಜಿಸುವವಳು ತಮಗೆ ಬರೆಯುವುದೇ ಎಂದು ಬೇಸರಪಡಬೇಡಿ. ಸಿಪಾಯಿಗಳ ಮನೆಯಲ್ಲಿ ತಮ್ಮನ್ನು ನೆನೆಯುವಷ್ಟು ಬೇರೆಲ್ಲೂ ನೆನೆಯುವುದಿಲ್ಲ.

ತಮ್ಮ ಸೇವೆಗೆ ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರನ್ನು ಎರಡು ಸಲ ಕರೆಸಿಕೊಂಡಿರಿ. ಆ ಗೌರವಕ್ಕೆ ಈ ನಾಡು ಋಣಿ. 1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ತಾಯ್ನಾಡಿಗೆ ಹಿಂದಿರುಗಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಗತಿ ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗ ಬಂತು. ತಿಮ್ಮಯ್ಯ ಅದರ ಅಧ್ಯಕ್ಷರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ಎಳೆದರೆ ಪೋಲೆಂಡ್, ಚೆಕೊಸ್ಲೊವಾಕಿಯ ಇನ್ನೊಂದು ಕಡೆ. ನಡುವೆ ನಿಂತು ಆ ಕೈದಿಗಳನ್ನು ಕಾದವರು ನಮ್ಮ ದೇಶದ ಸಿಪಾಯಿಗಳು. ಉಳಿದದ್ದನ್ನು ಮೂರು ತಿಂಗಳೊಳಗೆ ರಾಜಕೀಯ ಸಮ್ಮೇಳನ ಕರೆದು ಇತ್ಯರ್ಥ ಮಾಡಿಕೊಳ್ಳಿ ಎಂದು ಆ ಕದನವಿರಾಮದ ಕಾಗದದಲ್ಲೇ ಬರೆದಿತ್ತು. 1954ರಲ್ಲಿ ಜಿನೀವಾದಲ್ಲಿ ಸೇರಿದರು, ಮಾತು ಮುರಿದು ಎದ್ದರು. ಶಾಂತಿ ಒಪ್ಪಂದಕ್ಕೆ ಇವತ್ತಿನವರೆಗೂ ಸಹಿಯಾಗಿಲ್ಲ. ತಾಯಿ, ತಮ್ಮ ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ.

ಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ ತಾವು ಅವರನ್ನು ಬಿಡಲಿಲ್ಲ. 1964ರಲ್ಲಿ ಸೈಪ್ರಸ್‌ಗೆ ಕರೆಸಿದಿರಿ. ಗ್ರೀಕರು, ತುರ್ಕರು ಹೊಡೆದಾಡುತ್ತಿದ್ದ ಆ ದ್ವೀಪಕ್ಕೆ ವಿಶ್ವಸಂಸ್ಥೆ ಪಡೆ ಕಳಿಸಿದಾಗ ಮೊದಲು ಕೊಟ್ಟ ಅವಧಿಯೂ ಮೂರೇ ತಿಂಗಳು. ಅಲ್ಲಿಯ ಪಡೆಯ ನಾಯಕರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು, ತಿಮ್ಮಯ್ಯ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ಹೊರಡಿಸಿತು. ಆ ದೇಶದವರ ಕೃತಜ್ಞತೆ ದೊಡ್ಡದು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ವಸ್ತುಸಂಗ್ರಹಾಲಯ. ವಿಶ್ವಸಂಸ್ಥೆಯ ಆ ಪಡೆ ಮಾತ್ರ ಇವತ್ತಿಗೂ ಸೈಪ್ರಸ್‌ನಲ್ಲೇ ಇದೆ, ಅವಧಿ ವಿಸ್ತರಿಸಿಕೊಳ್ಳುತ್ತ. ನಿಕೋಸಿಯಾ ನಗರವನ್ನು ಸೀಳಿದ ಗೆರೆಯೂ ಅಳಿಸಿಲ್ಲ. ತಮ್ಮ ಬಾಗಿಲು ಕಾಯುತ್ತ ನಮ್ಮ ಮನೆಯ ಹಿರಿಯರು ಜೀವ ಬಿಟ್ಟರು, ತಾವು ಹೊಸ್ತಿಲ ಈಚೆ ಕಾಲಿಡಲಿಲ್ಲ.

ಇಷ್ಟು ದೂರದ ಮಾತೇಕೆ? ಕಾವೇರಿ ದಾಟಿದರೆ ಬೈಲಕುಪ್ಪೆ. ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ಕಾಡು ಜಾಗ ಕೊಟ್ಟು ಅರವತ್ತು ವರ್ಷ ದಾಟಿತು. ಕುಶಾಲನಗರದ ಅಂಗಡಿಗಳಲ್ಲಿ ಅವರ ಮೊಮ್ಮಕ್ಕಳು ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಸಕಲ ಜೀವಿಗಳ ಹಿತಕ್ಕೆಂದು ಬೆಳಗಾಗುವ ಮುನ್ನ ಎದ್ದು ಮಂತ್ರ ಹೇಳುವ ಆ ಮುದುಕರಿಗೇ ಹುಟ್ಟೂರಿನ ದಾರಿ ಮುಚ್ಚಿದೆ. ತಮ್ಮನ್ನು ಅಷ್ಟು ಭಕ್ತಿಯಿಂದ ಕರೆಯುವವರ ಬಳಿಗೂ ತಾವು ಹೋಗದಿದ್ದರೆ, ನನ್ನ ಪತ್ರ ಓದುತ್ತೀರೆಂಬ ಭರವಸೆ ಎಲ್ಲಿಂದ ತರಲಿ?

2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಕಾದಾಡಿದ ಆ ನಾಲ್ಕು ದಿನಗಳನ್ನು ತಮಗೆ ಹೇಳಲೇಬೇಕು. ಅಕ್ಕನ ಮಗ ಗಡಿಯಲ್ಲಿದ್ದ. 7ನೇ ತಾರೀಕಿನಿಂದ ಫೋನ್ ಸತ್ತುಹೋಯಿತು. ಅಕ್ಕ ಟಿವಿ ಹಾಕಲಿಲ್ಲ, ಹಾಕಲು ಬಿಡಲೂ ಇಲ್ಲ. ಒಲೆಯ ಮುಂದೆ ಕೂತು ಮೊಬೈಲನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು. 10ರ ಸಂಜೆ ಕದನವಿರಾಮವಾಯಿತೆಂದು ಓಡಿಹೋಗಿ ಹೇಳಿದೆ. ‘ವಿರಾಮ ತಾನೆ?’ ಎಂದಳು. ಆ ರಾತ್ರಿಯೂ ಮಲಗಲಿಲ್ಲ.

ಕ್ಷಮಿಸಿ ತಾಯಿ, ನನ್ನ ಕಾಲದಲ್ಲಿ ತಾವು ಬಂದು ನೆಲೆಸುತ್ತೀರೆಂದು ನನಗೀಗ ಅನ್ನಿಸುವುದಿಲ್ಲ. ಆದರೆ ಒಂದು ಮಾತು ಒಪ್ಪುತ್ತೇನೆ. ಸಹಿಯಿಲ್ಲದ ಕೊರಿಯಾದಲ್ಲಿ ಎಪ್ಪತ್ತು ವರ್ಷದಿಂದ ಅಂಥ ಮಹಾಯುದ್ಧ ಮರುಕಳಿಸಿಲ್ಲ. ಅಷ್ಟು ವರ್ಷ ಎಷ್ಟೋ ಮನೆಗಳ ಗಂಡುಮಕ್ಕಳು ರಜೆಗೆ ಊರಿಗೆ ಬಂದರು, ಮದುವೆಯಾದರು, ಮುದುಕರಾದರು. ‘ಶಾಶ್ವತ’ ಎಂಬ ಬಿರುದು ತಮ್ಮಲ್ಲೇ ಇರಲಿ. ನಮಗೆ ಅವಧಿ ವಿಸ್ತರಿಸಿ ಕೊಡುತ್ತ ಹೋಗಿ, ಒಂದು ದಿನವೂ ನಡುವೆ ತಪ್ಪದ ಹಾಗೆ.

ಅಕ್ಕನ ಮಗ ಸುಗ್ಗಿಯ ಹಬ್ಬ ಪುತ್ತರಿಗೆ ರಜೆ ಕೇಳಿದ್ದಾನೆ. ಕದಿರು ತೆಗೆಯುವಾಗ ಆಕಾಶಕ್ಕೆ ಗುಂಡು ಹಾರಿಸುವುದು ಈ ಸಲ ಅವನೇ ಎಂದು ಅಕ್ಕ ಈಗಲೇ ಹೇಳಿಟ್ಟಿದ್ದಾಳೆ. ಲೆಕ್ಕ ಹಾಕಿದೆ, ಇವತ್ತಿನಿಂದ ಹೆಚ್ಚುಕಡಿಮೆ ಮೂರು ತಿಂಗಳು.

ಇಂತಿ,
ತಮ್ಮ ದಾರಿ ಕಾಯುತ್ತಿರುವ
ಸುಂಟಿಕೊಪ್ಪದ ಒಬ್ಬ ಚಿಕ್ಕಮ್ಮ