ಟಾಕೀಸು ನೋಡುವ ಕ್ರಮ

ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು 'ಟಾಕೀಸ್ ಎಲ್ಲಿ?' ಎಂದು ಕೇಳಿ. ಥಿಯೇಟರ್ ಎಂದರೆ ಜನ ಮೊಬೈಲ್ ತೆಗೆಯುತ್ತಾರೆ, ಟಾಕೀಸ್ ಎಂದರೆ ಕೈ ತೋರಿಸುತ್ತಾರೆ. ಹಿರಿಯರು ಸಿಕ್ಕರೆ 'ಬಂಗಾರದ ಮನುಷ್ಯ' ಅಲ್ಲಿ ಎಷ್ಟು ದಿನ ಓಡಿತೆಂಬ ಲೆಕ್ಕವೂ ಸಿಗುತ್ತದೆ. ಅದು 1972ರ ಸಿನಿಮಾ. ದಿನಗಳ ಲೆಕ್ಕ ಮಾತ್ರ ಇನ್ನೂ ಏರುತ್ತಲೇ ಇದೆ, ತಕರಾರು ತೆಗೆಯಬೇಡಿ. ಹೇಳಿದ ಜಾಗದಲ್ಲಿ ಕಲ್ಯಾಣ ಮಂಟಪ ಕಂಡರೆ ಒಳಗೆ ಹೋಗಿ ನೆಲ ನೋಡಿ. ಹಿಂದಿನಿಂದ ಮುಂದಕ್ಕೆ ಇಳಿಜಾರಾಗಿದ್ದರೆ ನೀವು ಬಂದದ್ದು ತಡವಾಯಿತು. ಊಟ ಮುಗಿಸಿ ಹೊರಡಿ.

ಟಾಕೀಸು ಇನ್ನೂ ಉಸಿರಾಡುತ್ತಿದ್ದರೆ ಕಿಂಡಿಯ ಕಡೆ ನಡೆಯಿರಿ. ಕ್ಯೂ ಇರುವುದಿಲ್ಲ. ಆದರೂ ಕಬ್ಬಿಣದ ಸರಳಿನ ಓಣಿಯೊಳಗೇ ಹೋಗಬೇಕು, ಪಕ್ಕದಿಂದ ನುಸುಳಿದರೆ ಅದು ಬ್ಲ್ಯಾಕ್ ಟಿಕೆಟಿಗೆ ಸಮ. ಕಿಂಡಿಯಲ್ಲಿ ಒಂದು ಮುಷ್ಟಿ ಮಾತ್ರ ಹಿಡಿಸುತ್ತದೆ. ಹಿಂದೆ ಅಲ್ಲಿ ಏಕಕಾಲಕ್ಕೆ ನಾಲ್ಕು ಕೈ ತೂರಿರುತ್ತಿದ್ದವು, ಚಿಲ್ಲರೆ ಯಾರ ಕೈಗೆ ಬಂತೆಂಬುದು ಹೊರಗೆಳೆದ ಮೇಲೆಯೇ ಗೊತ್ತಾಗುತ್ತಿತ್ತು.

ಬಾಲ್ಕನಿ ಬೇಡ. ಗಾಂಧಿ ಕ್ಲಾಸಿನಲ್ಲಿ ಕೂರಿ. ಕೂರುವ ಮೊದಲು ಸೀಟನ್ನು ಎರಡು ಸಲ ಕುಟ್ಟಿ. ತಿಗಣೆಗೂ ಮುನ್ಸೂಚನೆ ಕೊಡುವುದು ಸೌಜನ್ಯ. ಆಮೇಲೆ ಎದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ: ಮೈತುಂಬ ಸಣ್ಣ ಸಣ್ಣ ತೂತು. ಅಭಿಮಾನಿಗಳು ಚಿಲ್ಲರೆ ತೂರಿ ಆದದ್ದಲ್ಲ. ಹಿಂದಿರುವ ಸ್ಪೀಕರಿನ ದನಿ ಹೊರಬರಲೆಂದೇ ಮಾಡಿರುವುದು. ಆಟಕ್ಕೆ ಮುಂಚೆ ಘಂಟಸಾಲರ ವೆಂಕಟೇಶನ ಹಾಡು ಕೇಳಿಸಿದರೆ, ಟೆಂಟಿನ ಕಾಲದವರೊಬ್ಬರು ಒಳಗಿದ್ದಾರೆಂದು ತಿಳಿಯಿರಿ. ಅವರನ್ನು ಹುಡುಕಿ.

ಬಹಳ ಮಾಡಿ ಅವರು ಮೇಲಿನ ಪ್ರೊಜೆಕ್ಟರ್ ರೂಮಿನಲ್ಲಿರುತ್ತಾರೆ. ಅಪ್ಪಣೆ ಕೇಳಿಯೇ ಮೆಟ್ಟಿಲು ಹತ್ತಿ. ಆಪರೇಟರು ಮೊದಲು ಡಿಜಿಟಲ್ ಪೆಟ್ಟಿಗೆ ತೋರಿಸುತ್ತಾರೆ, ತಲೆಯಾಡಿಸಿ. ನಂತರ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತ ಜೋಡಿ ಯಂತ್ರಗಳ ಬಗ್ಗೆ ವಿಚಾರಿಸಿ. ಎರಡು ಏಕೆಂದರೆ, ಒಂದು ರೀಲು 1000 ಅಡಿ, ಸೆಕೆಂಡಿಗೆ 24 ಚಿತ್ರದಂತೆ ಓಡಿದರೆ 11 ನಿಮಿಷಕ್ಕೆ ಖಾಲಿ. ಎರಡೆರಡು ಅಂಟಿಸಿಕೊಂಡರೂ 22 ನಿಮಿಷಕ್ಕೊಮ್ಮೆ ಒಂದನ್ನು ನಿಲ್ಲಿಸುತ್ತಲೇ ಇನ್ನೊಂದನ್ನು ಬಿಡಬೇಕು. ಪರದೆಯ ಬಲ ಮೇಲ್ಮೂಲೆಯಲ್ಲಿ ಮಿಂಚಿ ಮಾಯವಾಗುತ್ತಿದ್ದ ಚುಕ್ಕೆಯೇ ಅದಕ್ಕೆ ಸುಳಿವು. ನಾವು ಅದನ್ನು ಫಿಲ್ಮಿನ ಮೇಲೆ ಕೂತ ನೊಣ ಎಂದುಕೊಂಡಿದ್ದೆವು.

ಬೆಳಕಿನದು ಇನ್ನೊಂದು ಕಥೆ. ಎರಡು ಕಾರ್ಬನ್ ಕಡ್ಡಿಗಳ ತುದಿ ತಾಗಿಸಿ ಬಿಡಿಸಿದರೆ ಕಣ್ಣು ಕೋರೈಸುವ ಉರಿ. ಕಡ್ಡಿ ಸವೆದಂತೆಲ್ಲ ಅವುಗಳ ಅಂತರ ಸರಿಪಡಿಸುತ್ತಿರಬೇಕು. ಆಪರೇಟರು ಬೀಡಿ ಹಚ್ಚಲು ಆಚೆ ಹೋದರೆ ನಾಯಕಿಯ ಮುಖಕ್ಕೆ ಗ್ರಹಣ ಹಿಡಿಯುತ್ತಿತ್ತು. ಕೆಳಗಿನಿಂದ ಅವರ ವಂಶಾವಳಿಯ ವಿಚಾರಣೆ ಶುರುವಾಗುತ್ತಿತ್ತು. ಈ ಭಾಗವನ್ನು ಅವರ ಬಾಯಲ್ಲೇ ಕೇಳಬೇಕು. ಬೈಗುಳಗಳನ್ನು ಬೈದವರ ಓಣಿಯ ಸಮೇತ ನೆನಪಿಟ್ಟಿರುತ್ತಾರೆ.

ಇಂಟರ್‌ವಲ್ಲಿನಲ್ಲಿ ಸೋಡಾ, ಕಡ್ಲೆಕಾಯಿ. ಪಾಪ್‌ಕಾರ್ನ್ ಕೇಳಬೇಡಿ.

ಇನ್ನೊಂದು ಸೂಚನೆಯನ್ನು ಮೊದಲೇ ಹೇಳಬೇಕಿತ್ತು. ಜನ ಸಾಲದಿದ್ದರೆ ಆಟವಿಲ್ಲ. ಹೋದ ವರ್ಷ ಒಂದೂರಿನಲ್ಲಿ ಮ್ಯಾಟಿನಿಗೆ ನಾವು ಇದ್ದದ್ದೇ ಐದು ಜನ. 'ಹತ್ತಾದ್ರೂ ಆಗ್ಲಿ ಸಾರ್, ಕರೆಂಟ್ ಬಿಲ್ ಹುಟ್ಬೇಕಲ್ವಾ' ಎಂದರು ಕಿಂಡಿಯೊಳಗಿನವರು. ಅರ್ಧ ಗಂಟೆ ಕಾದು, ಉಳಿದ ಐದನ್ನೂ ನಾನೇ ಕೊಂಡೆ. ಗೇಟಿನಲ್ಲಿದ್ದ ಅಜ್ಜ ನನ್ನ ಕೈಲಿದ್ದ ಆರನ್ನೂ ಒಂದೊಂದಾಗಿ ಹರಿದು, ಅರ್ಧರ್ಧ ನನಗೇ ಕೊಟ್ಟರು. ಆಮೇಲೆ ಟಾರ್ಚ್ ಹಾಕಿಕೊಂಡು, ಆ ಖಾಲಿ ಹಾಲಿನಲ್ಲಿ ನನ್ನ ಸೀಟಿನ ನಂಬರು ಹುಡುಕತೊಡಗಿದರು.