ಸ್ತಂಭ–ಪೇಟಿಕಾ ವಿವಾದ ನಿರ್ಣಯ

ಶಾಸ್ತ್ರಗ್ರಂಥವನ್ನು ರಚಿಸಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲೇ ನಿವೇದಿಸಬೇಕೆಂಬುದು ಪೂರ್ವಸೂರಿಗಳ ಕಟ್ಟಳೆಯಾದುದರಿಂದ, ಪ್ರಕೃತ ಗ್ರಂಥಕರ್ತನೂ ಅದನ್ನು ಮೀರುವ ಸಾಹಸಕ್ಕೆ ಕೈಯಿಕ್ಕುವುದಿಲ್ಲ. ವಿಷಯವೆಂದರೆ, ಗೃಹಸ್ಥನು ತನ್ನ ನಡುಮನೆಯಲ್ಲಿ ಪ್ರತಿಷ್ಠಾಪಿಸತಕ್ಕ ಹೋಮ್ ಥಿಯೇಟರಿನ ಸಬ್‌ವೂಫರು, ಎಂದರೆ ಮಂದ್ರನಾದದ ಸ್ಪೀಕರು, ಉರುಟಾಗಿ ಕಂಬದಂತಿರಬೇಕೆ, ಚೌಕವಾಗಿ ಪೆಟ್ಟಿಗೆಯಂತಿರಬೇಕೆ ಎಂಬ ಸಂಶಯ. ಪ್ರಯೋಜನವೆಂದರೆ ಆ ಸಂಶಯದ ನಿವೃತ್ತಿ. ಅದು ಕೈಗೂಡದಿದ್ದಲ್ಲಿ ಸಂಶಯವನ್ನೇ ಇನ್ನಷ್ಟು ಕ್ರಮಬದ್ಧವಾಗಿ ಪಡುವ ಶಿಕ್ಷಣ. ಸಂಬಂಧವೆಂಬುದನ್ನು ಯಾವ ಗ್ರಂಥದಲ್ಲಿಯೂ ಯಾರೂ ಓದುವುದಿಲ್ಲವಾದುದರಿಂದ ಇಲ್ಲಿ ಬರೆದಿಲ್ಲ. ಇನ್ನು ಅಧಿಕಾರಿ: ಸ್ವಂತ ಗೋಡೆಗಳುಳ್ಳವನು, ಅಥವಾ ಬಾಡಿಗೆಯ ಮನೆಯಲ್ಲಿದ್ದು ಅಡ್ವಾನ್ಸಿನ ಹಣದ ಮೇಲಣ ಮೋಹವನ್ನು ತ್ಯಜಿಸಿದವನು, ಶಮದಮಾದಿ ಸಂಪತ್ತಿಗಳಿಗೆ ಬದಲಾಗಿ ಅಳತೆಯ ಟೇಪು, ಟಾರ್ಚು ಮತ್ತು ತಿಂಗಳ ಕಂತನ್ನು ಕಟ್ಟುವ ಶಕ್ತಿಯನ್ನು ಉಳ್ಳವನು. ಇಂತಹ ಮುಮುಕ್ಷುವಿಗೆ ಮಾತ್ರ ಮುಂದಿನ ಭಾಗ.

ಮಂದ್ರನಾದದ ಉಪಾಸನೆ ಇಂದು ನಿನ್ನೆಯದಲ್ಲ. 1974ರಲ್ಲಿ ಅಮೆರಿಕದವರು ‘ಅರ್ತ್‌ಕ್ವೇಕ್’ ಎಂಬ ಚಲಚ್ಚಿತ್ರವನ್ನು ತೆಗೆದು, ತೆರೆಯ ಮೇಲಿನ ಭೂಕಂಪವು ಪ್ರೇಕ್ಷಕನ ಆಸನಕ್ಕೂ ತಟ್ಟಲೆಂದು ಸೆನ್ಸರೌಂಡ್ ಎಂಬ ಭೀಮಕಾಯದ ಸ್ಪೀಕರುಗಳನ್ನು ಥಿಯೇಟರುಗಳಲ್ಲಿ ನಿಲ್ಲಿಸಿದಾಗ, ಹಾಲಿವುಡ್ಡಿನ ಚೈನೀಸ್ ಥಿಯೇಟರಿನವರು ಛಾವಣಿಯ ಗಾರೆ ಉದುರೀತೆಂದು ಪ್ರೇಕ್ಷಕರ ತಲೆಯ ಮೇಲೆ ಬಲೆ ಕಟ್ಟಿದರು; ಕಲೆಯು ಜೀವನದ ಅನುಕರಣವೆಂಬ ಮತಕ್ಕೆ ಇದಕ್ಕಿಂತ ದೃಢವಾದ ಸಾಕ್ಷ್ಯವನ್ನು ನಾನು ಕಾಣೆ. ಅನಂತರ 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಡನೆ ಡಾಲ್ಬಿಯವರ ಡಿಜಿಟಲ್ ಧ್ವನಿ ಬಂದಿತು. ಅದರ 5.1 ಎಂಬ ಸಂಖ್ಯೆಯಲ್ಲಿ ಬಿಂದುವಿನಾಚೆ ಬಡವನಂತೆ ನಿಂತಿರುವ ಆ ಒಂದು, 120 ಹರ್ಟ್ಸಿಗಿಂತ ಕೆಳಗಿನ ಗುಡುಗು, ಸ್ಫೋಟ, ರಾಕ್ಷಸಪದಾಘಾತಗಳಿಗೆಂದೇ ಮೀಸಲಾದ ಮಾರ್ಗ. ಹೆಸರಿನಲ್ಲಿ ದಶಮಾಂಶವಾದರೂ ತೂಕದಲ್ಲಿ, ಬೆಲೆಯಲ್ಲಿ, ಗೃಹಕಲಹದಲ್ಲಿ ಅದು ಉಳಿದ ಐದನ್ನೂ ಮೀರಿಸುತ್ತದೆ. ಕಾರಣವೂ ಉಂಟು: 20 ಹರ್ಟ್ಸಿನ ಸ್ವರವು ಮನುಷ್ಯನ ಕಿವಿಗೆ ಕೇವಲ ಕೇಳಿಸತೊಡಗಬೇಕಾದರೇ ಸುಮಾರು 78 ಡೆಸಿಬೆಲ್ ಬಲ ಬೇಕು, ಅಷ್ಟು ಗಾಳಿಯನ್ನು ನೂಕಬೇಕಾದರೆ ಹಿರಿದಾದ ಕೋನ್ ಬೇಕು, ಅದರ ಬೆನ್ನಿಗೆ ಹಿರಿದಾದ ಗೂಡು ಬೇಕು. ಆ ಗೂಡಿನ ಆಕಾರವೇ ನಮ್ಮ ವಿವಾದದ ಮೂಲ.

ಮೊದಲು ಸ್ತಂಭವಾದಿಗಳ ಪೂರ್ವಪಕ್ಷವನ್ನು ಪರಾಮರ್ಶಿಸೋಣ. ಅವರ ಪ್ರಥಮ ಯುಕ್ತಿ ಲೋಕಾನುಭವದಿಂದ ಹುಟ್ಟಿದ್ದು: ಮೃದಂಗ, ಚಂಡೆ, ಡೊಳ್ಳು, ನಗಾರಿ ಇವೆಲ್ಲವೂ ಉರುಟು, ಚೌಕವಾದ ಡೊಳ್ಳನ್ನು ಕುಣಿಸಿದವರನ್ನು ಯಾವ ಜಾತ್ರೆಯಲ್ಲಿಯಾದರೂ ಕಂಡುದುಂಟೆ? ಕೇಳಿದೊಡನೆ ತಲೆದೂಗಿಸುವ ಈ ಯುಕ್ತಿಯು ವಿಚಾರದ ಮುಂದೆ ನಿಲ್ಲಲಾರದು. ಮೃದಂಗದ ಮರವೂ ವೀಣೆಯ ಕೊಡವೂ ತಾವೂ ನಾದಗೈಯಲೆಂದು ಹುಟ್ಟಿದವು. ಸಬ್‌ವೂಫರಿನ ಗೂಡಾದರೋ ಮೂಕವಾಗಿರಲೆಂದೇ ಹುಟ್ಟಿದ್ದು. ಕೋನ್ ನುಡಿಯಬೇಕು, ಗೂಡು ಬಾಯಿ ಮುಚ್ಚಿಕೊಂಡಿರಬೇಕು. ಗೂಡೂ ದನಿಗೂಡಿಸಿತೆಂದರೆ ಚಿತ್ರದಲ್ಲಿಲ್ಲದ ಗುಂಯ್‌ಗಾರವೊಂದು ಎಲ್ಲ ದೃಶ್ಯಗಳಲ್ಲಿಯೂ ಪಾತ್ರ ವಹಿಸುತ್ತದೆ. ಎರಡನೆಯದಾಗಿ ಅವರು ಹಂಪೆಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಆ ಕಂಬಗಳು ಗಟ್ಟಿ ಕಗ್ಗಲ್ಲಿನವು, ತಟ್ಟಿದರೆ ಮಾತ್ರ ನುಡಿಯತಕ್ಕವು, ಈಗ ತಟ್ಟುವುದೂ ನಿಷಿದ್ಧ. ಟೊಳ್ಳಾದ, ತಟ್ಟದೆಯೇ ಗುಡುಗುವ, ನಿಷೇಧಕ್ಕೆ ಇನ್ನೂ ಒಳಗಾಗದ ಕೊಳವೆಗೂ ಅವಕ್ಕೂ ಎತ್ತಣ ನಂಟು?

ಇನ್ನು ವಿಜಯಪುರದ ಗೋಳಗುಮ್ಮಟವನ್ನು ಉಭಯಪಕ್ಷದವರೂ ತಮ್ಮದೆನ್ನುತ್ತಾರೆ. 1656ರಲ್ಲಿ ಪೂರ್ಣಗೊಂಡ ಮಹಮ್ಮದ್ ಆದಿಲ್ ಶಹನ ಆ ಗೋರಿಯು ಕೆಳಗೆ ಚೌಕ, ಮೇಲೆ ಸುಮಾರು 44 ಮೀಟರು ವ್ಯಾಸದ ಗುಮ್ಮಟ. ಆದುದರಿಂದ ಅಡಿಪಾಯವನ್ನು ತೋರಿಸಿ ಪೇಟಿಕಾವಾದಿಗಳೂ, ಶಿಖರವನ್ನು ತೋರಿಸಿ ಸ್ತಂಭವಾದಿಗಳೂ ಗೆದ್ದೆವೆಂದು ಹಿಂದಿರುಗುತ್ತಾರೆ. ಒಂದು ಮಾತು ಏಳು ಸಲ ಮರುನುಡಿಯುತ್ತದೆಂದು ಖ್ಯಾತವಾದ ಆ ಸ್ಥಳದಲ್ಲಿ ಚಲಚ್ಚಿತ್ರವನ್ನು ನೋಡುವುದೆಂದರೆ ನಾಯಕನ ಒಂದೊಂದು ಪ್ರೇಮನಿವೇದನೆಯನ್ನೂ ಏಳು ಬಾರಿ ಸಹಿಸುವುದೆಂಬ ಸಂಗತಿ ಉಭಯರಿಗೂ ಹೊಳೆದಂತಿಲ್ಲ.

ಹೀಗೆಂದು ಸ್ತಂಭಮತವನ್ನು ನಿಸ್ಸಾರವೆಂದು ತಳ್ಳುವಂತಿಲ್ಲ. ಅವರ ಬತ್ತಳಿಕೆಯಲ್ಲಿ ನಿಜವಾದ ಬಾಣವೊಂದಿದೆ. ಕೋನ್ ಹಿಂದಕ್ಕೆ ಸರಿದಾಗ ಗೂಡಿನೊಳಗಿನ ಗಾಳಿ ಒತ್ತುತ್ತದೆ. ಒತ್ತಡವು ಚಪ್ಪಟೆಯ ಹಲಗೆಯ ಮೇಲೆ ಬಿದ್ದರೆ ಹಲಗೆಯ ನಡುಭಾಗ, ಕಾದ ಎಣ್ಣೆಯಲ್ಲಿ ಹಪ್ಪಳದಂತೆ, ಉಬ್ಬಲೆಳಸುತ್ತದೆ. ಉರುಟಾದ ಗೋಡೆಯ ಮೇಲಾದರೆ ಅದೇ ಒತ್ತಡ ಸುತ್ತಲೂ ಸಮನಾಗಿ ಹಂಚಿ, ಬಾಗಿಸುವ ಬಲವಾಗದೆ ಪರಿಧಿಯುದ್ದಕ್ಕೂ ಎಳೆಯುವ ಬಲವಾಗಿ ಪರಿಣಮಿಸುತ್ತದೆ. ಆ ಎಳೆತವನ್ನು ತಡೆಯಲು ದಪ್ಪ ಕಾಗದವೂ ಸಾಕು. ಆದಕಾರಣವೇ ಅಮೆರಿಕದ ಹವ್ಯಾಸಿಗಳು, ಕಾಂಕ್ರೀಟಿನ ಕಂಬಗಳನ್ನು ಎರಕ ಹೊಯ್ಯಲು ಬಳಸುವ ಸೋನೋಟ್ಯೂಬ್ ಎಂಬ ಕಾಗದದ ಕೊಳವೆಯನ್ನು ತಂದು, ಎರಡು ಕೊನೆಗೂ ಹಲಗೆ ಬಿಗಿದು, ಒಂದರಲ್ಲಿ ಕೋನನ್ನು ಹೊತ್ತ ಡ್ರೈವರನ್ನೂ ಇನ್ನೊಂದರಲ್ಲಿ ಪೋರ್ಟೆಂಬ ಗಾಳಿಕಿಂಡಿಯನ್ನೂ ಕೂರಿಸಿ, ಗಾರೆ ಕೆಲಸದ ಸಾಮಾನಿನಿಂದಲೇ ಗಾರೆಯನ್ನು ಉದುರಿಸುವ ಯಂತ್ರವನ್ನು ಮಾಡಿಕೊಂಡರು. ಹ್ಸು ರಿಸರ್ಚ್, ಎಸ್.ವಿ.ಎಸ್. ಮೊದಲಾದ ಕಂಪನಿಗಳು ಕಂಬಗಳನ್ನು ಮಾರಿ ಹೆಸರಾದವು. ಅತ್ತ ಪೇಟಿಕಾವಾದಿಯು ಅದೇ ಮೌನವನ್ನು ಸಾಧಿಸಲು ದಪ್ಪ ಎಂ.ಡಿ.ಎಫ್. ಹಲಗೆಯನ್ನು ಕೊಯ್ಸಿ, ಒಳಗೆ ಅಡ್ಡಪಟ್ಟಿಗಳ ಜಾಲವನ್ನು ಹೆಣೆದು, ಕಡೆಗೆ ಇಬ್ಬರು ಎತ್ತಲಾರದ ಭಾರವನ್ನು ಹೊರಬೇಕಾಗುತ್ತದೆ. ನಮ್ಮ ಕಾರುಗಳ ಡಿಕ್ಕಿಯಲ್ಲಿ ಪಟ್ಟಿ ಬಿಗಿದು ಮಲಗಿಸಿದ ‘ಬೇಸ್ ಟ್ಯೂಬು’ ಸಹ ಸ್ತಂಭಕುಲದ್ದೇ. ಸಿಗ್ನಲಿನಲ್ಲಿ ಪಕ್ಕಕ್ಕೆ ಬಂದು ನಿಂತಾಗ ಹಾಡು ಕೇಳಿಸದೆ ನಂಬರ್ ಪ್ಲೇಟಿನ ನಡುಕ ಮಾತ್ರ ಕೇಳಿಸುವುದರಿಂದ ಅದರ ಇರವನ್ನು ಊಹಿಸಬೇಕು.

ಈ ಒಂದು ಗೆಲುವಿನಿಂದ ಬೀಗಿದ ಸ್ತಂಭವಾದಿಗಳು ‘ನಮ್ಮದು ಕಡಿಮೆ ಜಾಗ ಹಿಡಿಯುತ್ತದೆ’ ಎಂಬ ಮೂರನೆಯ ಯುಕ್ತಿಯನ್ನು ಹೂಡುತ್ತಾರೆ. ಇಲ್ಲಿ ಗಣಿತವನ್ನು ಕರೆಯದೆ ವಿಧಿಯಿಲ್ಲ. 40 ಸೆಂಟಿಮೀಟರು ವ್ಯಾಸದ, 85 ಸೆಂಟಿಮೀಟರು ಎತ್ತರದ ಕೊಳವೆಯೊಳಗೆ ಸುಮಾರು 107 ಲೀಟರು ಗಾಳಿ ಹಿಡಿಯುತ್ತದೆ. ಅದೇ 40 ಸೆಂಟಿಮೀಟರು ಅಗಲ, 40 ಸೆಂಟಿಮೀಟರು ಆಳದ ಪೆಟ್ಟಿಗೆಯಲ್ಲಿ ಅಷ್ಟೇ ಗಾಳಿಯನ್ನು ತುಂಬಲು 67 ಸೆಂಟಿಮೀಟರು ಎತ್ತರ ಸಾಕು. ವೃತ್ತವು ತನ್ನನ್ನು ಸುತ್ತಿದ ಚೌಕದ ನಾಲ್ಕು ಮೂಲೆಗಳನ್ನೂ ಬಿಟ್ಟುಕೊಡುತ್ತದೆ. ಆ ಮೂಲೆಗಳಲ್ಲಿ ಧೂಳಲ್ಲದೆ ಬೇರೇನೂ ಕೂರುವುದಿಲ್ಲ. ಆದುದರಿಂದ ಜಾಗ ಉಳಿದದ್ದು ಉರುಟುತನದಿಂದಲ್ಲ, ಎತ್ತರದಿಂದ. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುವ ಬುದ್ಧಿ ಪೇಟಿಕಾವಾದಿಗೆ ಬಂದ ದಿನ ಈ ಯುಕ್ತಿಯು ಕುಸಿಯುತ್ತದೆ.

ಇದೀಗ ಸಿದ್ಧಾಂತ. 20 ಹರ್ಟ್ಸಿನ ಅಲೆಯ ಉದ್ದ 17 ಮೀಟರು. ಡ್ರೈವರಿನ ಹಿಂದಿರುವ ಗೂಡು ಉರುಟೋ ಚೌಕವೋ ಎಂಬುದು, ನಡುಮನೆಯಲ್ಲಿ ಪೂರ್ತಿ ಹಿಡಿಸದೆ ಬೀದಿಗೆ ಚಾಚಿಕೊಂಡ ಅಂತಹ ಅಲೆಯ ಗಮನಕ್ಕೇ ಬಾರದು. ಆರ್.ಸಿ.ಎ. ಸಂಸ್ಥೆಯ ಹ್ಯಾರಿ ಓಲ್ಸನ್ 1951ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಗೋಳ, ಘನ, ಕೊಳವೆ ಮುಂತಾದ ನಾನಾ ಆಕಾರಗಳ ಗೂಡುಗಳನ್ನು ಅಳೆದು, ಆಕಾರವು ಧ್ವನಿಯನ್ನು ಕದಡುವುದನ್ನು ತೋರಿಸಿದುದು ನಿಜ. ಅದರಲ್ಲಿ ಗೋಳವೇ ಶ್ರೇಷ್ಠವೆನಿಸಿತು. ಆದರೆ ಆ ಕದಡುವಿಕೆ ಅಲೆಯು ಗೂಡಿಗಿಂತ ಬಹು ದೊಡ್ಡದಾಗದ ಮೇಲಿನ ಸ್ವರಗಳ ಪಾಡು. ಮಂದ್ರದಲ್ಲಿ ಎಣಿಕೆಗೆ ಬರುವುದು ಎಷ್ಟು ಲೀಟರು ಗಾಳಿ, ಎಂತಹ ಡ್ರೈವರು, ಪೋರ್ಟಿನ ಉದ್ದಗಲವೆಷ್ಟು ಎಂಬಿವೇ. ಬೆಲ್ ಪ್ರಯೋಗಾಲಯದ ಥ್ಯೂರಸ್ 1932ರಲ್ಲಿ ಪೇಟೆಂಟು ಪಡೆದ ಪೋರ್ಟಿನ ಗೂಡೂ, 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲೆ ಅದಕ್ಕೆ ಕೊಟ್ಟ ಗಣಿತವೂ ಲೀಟರನ್ನು ಕೇಳುತ್ತವೆಯೇ ಹೊರತು ಆಕಾರವನ್ನು ಕೇಳುವುದಿಲ್ಲ. ಹೀಗೆ ಉಭಯಮತಗಳೂ ಇಲ್ಲದ ಆನೆಯ ಬಣ್ಣಕ್ಕಾಗಿ ಜಗಳವಾಡುತ್ತಿರುವಲ್ಲಿ, ಇರುವ ಆನೆಯಾದ ಕೋಣೆಯನ್ನು ಯಾರೂ ನೋಡುತ್ತಿಲ್ಲ. ನಾಲ್ಕೂವರೆ ಮೀಟರು ಉದ್ದದ ಕೋಣೆಯಲ್ಲಿ 38 ಹರ್ಟ್ಸಿನ ಸ್ವರವು ಗೋಡೆಗೋಡೆಗಳ ನಡುವೆ ನಿಂತಲೆಯಾಗಿ ಬೇರೂರುತ್ತದೆ: ಕೋಣೆಯ ನಟ್ಟನಡುವೆ ಕುಳಿತ ಯಜಮಾನನಿಗೆ ಅದು ಬಹುಮಟ್ಟಿಗೆ ಶೂನ್ಯ, ಗೋಡೆಗೊರಗಿ ಕಡಲೆಕಾಯಿ ಸುಲಿಯುತ್ತ ಕುಳಿತ ಅತ್ತೆಯವರ ಎದೆಗೆ ಗುದ್ದು.

ಇದಕ್ಕೆ ಪಾಶ್ಚಾತ್ಯರು ಕಂಡುಕೊಂಡ ಪರಿಹಾರವು ವಿಲಕ್ಷಣವಾದರೂ ಸಮರ್ಥವಾದುದು. ಸಬ್‌ವೂಫರನ್ನು ಎತ್ತಿ ತಾನು ಕೂರುವ ಸೋಫಾದ ಮೇಲೆ ಕೂರಿಸಿ, ಮಂದ್ರದ ಹಾಡೊಂದನ್ನು ಹಾಕಿ, ಗೃಹಸ್ಥನು ಪಂಚೆ ಎತ್ತಿಕಟ್ಟಿ ಕೋಣೆಯ ಅಂಚಿನಲ್ಲಿ ಅಂಬೆಗಾಲಿಡುತ್ತ ಸಾಗಬೇಕು. ನೆಲದ ಯಾವ ಎಡೆಯಲ್ಲಿ ನಾದವು ಏರುಪೇರಿಲ್ಲದೆ ಕೇಳುತ್ತದೆಯೋ ಅಲ್ಲಿ ಸಬ್‌ವೂಫರನ್ನು ಇಟ್ಟರೆ ಸೋಫಾದಲ್ಲಿ ಕುಳಿತವನಿಗೂ ಹಾಗೆಯೇ ಕೇಳುತ್ತದೆ. ಈ ಪ್ರದಕ್ಷಿಣೆಯ ವೇಳೆಗೆ ಸರಿಯಾಗಿ ಬೀಗರು ಬರುವುದು ರೂಢಿ. ಮತ್ತು ಇಲ್ಲಿಯೇ ಪೆಟ್ಟಿಗೆಯ ಪರವಾಗಿ ಮೊದಲ ಸಾಚಾ ಯುಕ್ತಿ ದೊರೆಯುವುದು: ಪೆಟ್ಟಿಗೆ ಸೋಫಾದ ಮೇಲೆ ಸುಮ್ಮನೆ ಕೂರುತ್ತದೆ. ಕಂಬವೋ, ನಿಲ್ಲಿಸಿದರೆ ಅಡಿಯ ಡ್ರೈವರು ದಿಂಬಿನಲ್ಲಿ ಹೂತು ಉಸಿರುಕಟ್ಟುತ್ತದೆ, ಮಲಗಿಸಿದರೆ ಉರುಳುತ್ತದೆ.

ಎರಡನೆಯ ಯುಕ್ತಿಯನ್ನು ನನಗೆ ಅರುಹಿದವನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯ ಹುಡುಗ. ಲೀಟರು, ಹರ್ಟ್ಸುಗಳ ನನ್ನ ಉಪನ್ಯಾಸವನ್ನು ಗೌರವದಿಂದ ಕೇಳಿ ಅವನೆಂದ: ‘ಸಾರ್, ಬಾಕ್ಸೇ ತಗೊಳ್ಳಿ. ಮೇಲೆ ಏನಾದ್ರೂ ಇಡಬಹುದು.’ ಭಾಷ್ಯಗಳೆಲ್ಲ ಈ ಸೂತ್ರದ ಮುಂದೆ ಮಂಕಾದುವು. ಪೆಟ್ಟಿಗೆಯ ಚಪ್ಪಟೆಯ ನೆತ್ತಿಯ ಮೇಲೆ ವಾರದೊಳಗಾಗಿ ಕಸೂತಿಯ ಬಟ್ಟೆಯೊಂದು ಹರಡಿಕೊಳ್ಳುತ್ತದೆ. ಅದರ ಮೇಲೆ ಪಂಚಾಂಗ, ಕನ್ನಡಕದ ಡಬ್ಬಿ, ಚಾರ್ಜರು, ಅರ್ಧ ಕುಡಿದ ಕಾಫಿಯ ಲೋಟ ಬಂದು ನೆಲೆಸುತ್ತವೆ. ಸ್ಫೋಟದ ದೃಶ್ಯ ಬಂದಾಗ ಲೋಟವು ಪಂಚಾಂಗದ ಕಡೆಗೆ ಒಂದಂಗುಲ ಸರಿಯುತ್ತದೆ. ಕಂಬವನ್ನು ಅಜ್ಜಿಯು ‘ಅಕ್ಕಿ ಡಬ್ಬ ಇಲ್ಲ್ಯಾಕೋ ತಂದಿಟ್ಟೆ?’ ಎಂದು ವಿಚಾರಿಸುತ್ತಾಳೆ. ಹಲವು ಮಾದರಿಗಳಲ್ಲಿ ಪೋರ್ಟಿನ ಬಾಯಿ ನೆತ್ತಿಯಲ್ಲಿಯೇ ತೆರೆದಿರುವುದರಿಂದ, ಜಾಲರಿ ಕಳಚಿದ ದಿನ ಮೊಮ್ಮಗನ ಗೋಲಿಗಳು ಅದರೊಳಗೆ ಇಳಿಯುತ್ತವೆ. ಮುಂದಿನ ಯುದ್ಧದೃಶ್ಯದಲ್ಲಿ ನಿರ್ದೇಶಕನು ಎಣಿಸದಿದ್ದ ಮದ್ದುಗುಂಡಿನ ಸದ್ದು ಕೇಳಿಬರುತ್ತದೆ.

ಗೋಡೆಗೊಂದರಂತೆ ಎರಡನ್ನು ಎದುರುಬದುರು ಇಟ್ಟರೆ ನಿಂತಲೆಗಳು ಕೆಲಮಟ್ಟಿಗೆ ಒಂದನ್ನೊಂದು ಅಳಿಸುವುವೆಂಬುದು ನಿಜವಾದುದರಿಂದ, ಒಂದು ಕಂಬ, ಒಂದು ಪೆಟ್ಟಿಗೆ ಎಂಬ ಸಮುಚ್ಚಯವಾದವನ್ನು ಕೆಲವರು ಮುಂದಿಡುತ್ತಾರೆ. ಜಾತಿ ಬೇರೆಯಾದ ಎರಡು ಸಬ್‌ವೂಫರುಗಳ ಹೆಜ್ಜೆ ಒಂದೇ ತಾಳಕ್ಕೆ ಬೀಳುವುದು ಕಷ್ಟವಾದುದರಿಂದ ಇದು ತ್ಯಾಜ್ಯ.

ಇನ್ನೊಂದು ಮತವುಂಟು, ಅದು ಕೆಳಗಿನ ಮನೆಯವರದು. ಅವರು ಕಂಬವನ್ನೂ ಕಂಡಿಲ್ಲ, ಪೆಟ್ಟಿಗೆಯನ್ನೂ ಕಂಡಿಲ್ಲ. ಕಾಂಕ್ರೀಟಿನ ಚಪ್ಪಡಿಯ ಮೂಲಕ ಇಳಿದು ಬಂದ 38 ಹರ್ಟ್ಸನ್ನು ಮಾತ್ರ ರಾತ್ರಿ ಹತ್ತೂವರೆಯ ಮೇಲೆ ಬಲ್ಲರು. ಆಕಾರವು ಮಿಥ್ಯೆ, ನಾದವೊಂದೇ ಸತ್ಯವೆಂಬ ನನ್ನ ಸಿದ್ಧಾಂತಕ್ಕೆ ಅವರಷ್ಟು ನಿಷ್ಠ ಅನುಯಾಯಿಗಳು ಬೇರಿಲ್ಲವಾದರೂ, ಅದರಿಂದ ಅವರು ತೆಗೆಯುವ ನಿಗಮನ ಬೇರೆ. ಅದನ್ನು ಖಂಡಿಸಿ ಈವರೆಗೆ ಯಾರೂ ಗ್ರಂಥ ರಚಿಸಿಲ್ಲ. ಕರೆಗಂಟೆಯನ್ನು ಒತ್ತಿ, ಬನಿಯನ್ನಿನಲ್ಲಿ ಬಾಗಿಲಿಗೆ ಬಂದು ನಿಂತ ಪ್ರತಿವಾದಿಯೊಡನೆ ವಾದಿಸುವ ಕ್ರಮವನ್ನು ನಮ್ಮ ತರ್ಕಶಾಸ್ತ್ರವು ವಿಧಿಸಿಲ್ಲ.